ಬಡ ಹಿರಿಯರ ಶುಶ್ರೂಷೆ: ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ನಡೆದು ಬಂದ ದಾರಿ

ಒಂದು ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸಿದಾಗ, ಅದರ ಚರಿತ್ರೆಯನ್ನು ಬರೆಯುವವರು ದೇವಾಲಯದ ಕಟ್ಟಡ, ಗಂಟೆಗೋಪುರ, ಶಾಲೆ, ಸೇವೆ ಸಲ್ಲಿಸಿದ ಧರ್ಮಗುರುಗಳ ಪರಂಪರೆ ಇವೆಲ್ಲವನ್ನೂ ಕ್ರಮವಾಗಿ ದಾಖಲಿಸುವುದು ವಾಡಿಕೆ. ಅದು ಯೋಗ್ಯವೇ ಸರಿ. ಆದರೆ ಲೆಕ್ಕಪತ್ರಗಳಲ್ಲಿ ಸುಲಭವಾಗಿ ಸಿಗದ ಇನ್ನೊಂದು ಚರಿತ್ರೆಯೂ ಉಂಟು. ದುಡಿಯುವ ಶಕ್ತಿ ಉಡುಗಿದ, ಕೈಯಲ್ಲಿ ಕಾಸಿಲ್ಲದ, ಕಾಯಿಲೆಯಿಂದ ಕುಗ್ಗಿದ ಹಿರಿಯರನ್ನು ಈ ಸೀಮೆಯು ಹೇಗೆ ನೋಡಿಕೊಂಡಿತು ಎಂಬುದೇ ಆ ಚರಿತ್ರೆ. ಪುತ್ತೂರು, ಸುಳ್ಯ ಹಾಗೂ ಕಡಬ ತಾಲೂಕುಗಳನ್ನು ಮುಂದಿಟ್ಟುಕೊಂಡು ಆ ದಾರಿಯನ್ನು ಸಂಕ್ಷೇಪವಾಗಿ ಅವಲೋಕಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸೀಮೆ ಮತ್ತು ಜನ

ಬ್ರಿಟಿಷರ ಕಾಲದಲ್ಲಿ ಈ ಪ್ರದೇಶವು ಮದ್ರಾಸ್ ಪ್ರಾಂತಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಉಪ್ಪಿನಂಗಡಿ ತಾಲೂಕಿನ ಭಾಗವಾಗಿತ್ತು. ಮುಂದೆ ಪುತ್ತೂರು ತಾಲೂಕು ಕೇಂದ್ರವಾಯಿತು, ಸುಳ್ಯ ಪ್ರತ್ಯೇಕವಾಯಿತು. ಕಡಬ ತಾಲೂಕು ತೀರ ಈಚಿನದು. ನೇತ್ರಾವತಿ, ಕುಮಾರಧಾರಾ, ಪಯಸ್ವಿನಿ ನದಿಗಳು, ಅವುಗಳನ್ನು ಕೂಡುವ ಅಸಂಖ್ಯ ಹಳ್ಳತೊರೆಗಳು, ಅಡಿಕೆ ತೋಟಗಳ ಕಣಿವೆಗಳು, ಪೂರ್ವಕ್ಕೆ ಘಟ್ಟದ ಕಾಡು, ಇದು ಇಲ್ಲಿಯ ಭೂಸ್ವರೂಪ. ಮನೆಗಳು ಒಂದಕ್ಕೊಂದು ತಾಗಿಕೊಂಡಿರದೆ, ಒಂದೊಂದು ಗುಡ್ಡದ ಮಗ್ಗುಲಲ್ಲಿ ಒಂದೊಂದಾಗಿ ಚದರಿಕೊಂಡಿವೆ. ಮಳೆಗಾಲದಲ್ಲಿ ಅಡಿಕೆಮರದ ಕಾಲುಸಂಕವನ್ನು ದಾಟದೆ ರಸ್ತೆಗೆ ಬರಲಾಗದ ಮನೆಗಳು ಒಂದು ಕಾಲಕ್ಕೆ ಹೇರಳವಾಗಿದ್ದವು. ರೋಗಿಯನ್ನು ಕುರ್ಚಿಯಲ್ಲಿ ಕುಳ್ಳಿರಿಸಿ, ಇಬ್ಬರು ಹೊತ್ತು ತರಬೇಕಾದ ಸಂದರ್ಭಗಳನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಈ ಸೀಮೆಯ ಆರೋಗ್ಯದ ಚರಿತ್ರೆಯಲ್ಲಿ ವೈದ್ಯನಷ್ಟೇ ಮುಖ್ಯವಾದದ್ದು ದಾರಿ ಎಂಬುದನ್ನು ವಾಚಕರು ಮೊದಲೇ ಗಮನದಲ್ಲಿರಿಸಿಕೊಳ್ಳಬೇಕು.

ಇಲ್ಲಿಯ ಕಥೋಲಿಕ ಸಮಾಜವೂ ಒಂದೇ ಮೂಲದ್ದಲ್ಲ. ಗೋವೆಯಿಂದ ಶತಮಾನಗಳ ಹಿಂದೆ ವಲಸೆ ಬಂದು, 1784ರಿಂದ 1799ರವರೆಗಿನ ಶ್ರೀರಂಗಪಟ್ಟಣದ ಸೆರೆವಾಸದ ತರುವಾಯ ಮರಳಿ ನೆಲೆನಿಂತ ಕೊಂಕಣಿ ಕುಟುಂಬಗಳು ಮೊದಲಿನವು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ತಿರುವಾಂಕೂರಿನ ಕಡೆಯಿಂದ ಬಂದು ನೆಲ್ಯಾಡಿ, ಶಿರಾಡಿ, ಕಡಬ ಮೊದಲಾದ ಕಡೆ ರಬ್ಬರು, ಕರಿಮೆಣಸು ಬೆಳೆಸಿದ ಮಲಯಾಳಿ ಕೃಷಿಕರು ಎರಡನೆಯವರು. ಸಿರೋ ಮಲಬಾರ್ ಸಂಪ್ರದಾಯದ ಬೆಳ್ತಂಗಡಿ ಧರ್ಮಪ್ರಾಂತವು 1999ರಲ್ಲಿಯೂ, ಸಿರೋ ಮಲಂಕರ ಸಂಪ್ರದಾಯದ ಪುತ್ತೂರು ಧರ್ಮಪ್ರಾಂತವು 2010ರಲ್ಲಿಯೂ ಸ್ಥಾಪನೆಯಾದದ್ದು ಈ ವಲಸೆಯ ಫಲವೇ. ಇವರಲ್ಲದೆ, 1964ರ ಭಾರತ–ಶ್ರೀಲಂಕಾ ಒಪ್ಪಂದದ ಮೇರೆಗೆ ಮರಳಿ ಬಂದ ತಮಿಳು ಕುಟುಂಬಗಳಿಗೆ ಸುಳ್ಯ, ಪುತ್ತೂರು ಕಡೆಯ ಸರಕಾರಿ ರಬ್ಬರು ತೋಟಗಳಲ್ಲಿ ಕೆಲಸ ದೊರೆಯಿತು. ಈ ಎಲ್ಲ ಜನರ ಮೊದಲ ತಲೆಮಾರು ಇಂದು ಮುಪ್ಪಿನಲ್ಲಿದೆ, ಇಲ್ಲವೇ ಗತಿಸಿದೆ. ಕಾಡು ಕಡಿದು ತೋಟ ಮಾಡಿದವರು, ನಸುಕಿನಲ್ಲೆದ್ದು ರಬ್ಬರು ಹಾಲು ಇಳಿಸಿದವರು, ಪರರ ತೋಟದಲ್ಲಿ ಕೂಲಿ ಮಾಡಿದವರು, ಇವರ ಬೆನ್ನು, ಮೊಣಕಾಲು, ಕಣ್ಣು, ಹಲ್ಲುಗಳೇ ಈ ಲೇಖನದ ವಿಷಯ.

ಪರೋಪಕಾರದ ಹಳೆಯ ಬೇರುಗಳು

ರೋಗಿಗಳನ್ನೂ ವೃದ್ಧರನ್ನೂ ಸಂಘಟಿತವಾಗಿ ನೋಡಿಕೊಳ್ಳುವ ಪದ್ಧತಿಯನ್ನು ನಮ್ಮ ಪೂರ್ವಜರು ಗೋವೆಯಲ್ಲಿಯೇ ಕಂಡಿದ್ದರು. 1498ರಲ್ಲಿ ಪೋರ್ಚುಗಲ್ಲಿನ ರಾಣಿ ಲಿಯೊನೋರಳ ಆಶ್ರಯದಲ್ಲಿ ಲಿಸ್ಬನ್ನಿನಲ್ಲಿ ಆರಂಭವಾದ ‘ಮಿಜೆರಿಕೋರ್ದಿಯ’ ಎಂಬ ದಯಾಸಂಘವು ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿಯೇ ಗೋವೆಗೆ ಬಂದಿತ್ತು. ರೋಗಿಗಳ ಆರೈಕೆ, ಸೆರೆಯಾಳುಗಳ ಭೇಟಿ, ಅನಾಥ ಶವಗಳ ಸಂಸ್ಕಾರ ಇವು ಅದರ ಸದಸ್ಯರಾದ ಗೃಹಸ್ಥರ ಕರ್ತವ್ಯಗಳಾಗಿದ್ದವು. ಧರ್ಮಗುರುಗಳಷ್ಟೇ ಅಲ್ಲ, ಗೃಹಸ್ಥರೂ ಈ ಹೊಣೆಯನ್ನು ಹೊರಬೇಕೆಂಬ ತತ್ತ್ವ ಅಲ್ಲಿ ಅಡಗಿತ್ತು.

ಆದರೆ ಘಟ್ಟದ ಬುಡದ ನಮ್ಮ ಸೀಮೆಗೆ ಆಸ್ಪತ್ರೆಯ ಭಾಗ್ಯ ಒದಗಿದ್ದು ಬಹಳ ತಡವಾಗಿ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯ ಮೂಲ 1848ರದು. ಆದರೆ ಸುಬ್ರಹ್ಮಣ್ಯದ ಕಡೆಯ ಬಡವನಿಗೆ ಮಂಗಳೂರೆಂದರೆ ದೂರದ ದೇಶವೇ ಆಗಿತ್ತು. ಮನೆಮದ್ದು, ನಾಟಿವೈದ್ಯ, ಹರಕೆ ಇವಿಷ್ಟೇ ಅವನ ಆಸರೆ. ಮಾವಿನೆಲೆಯಿಂದಲೋ ಇದ್ದಿಲಪುಡಿ, ಉಪ್ಪಿನಿಂದಲೋ ಹಲ್ಲುಜ್ಜುವುದು, ನೋವು ಬಂದರೆ ಲವಂಗವನ್ನು ಕಚ್ಚಿಟ್ಟುಕೊಳ್ಳುವುದು, ತಾಳಲಾರದಾದರೆ ಅಲುಗುವ ಹಲ್ಲನ್ನು ಕೀಳಿಸಿಕೊಳ್ಳುವುದು, ಇಲ್ಲಿಗೆ ದಂತಚಿಕಿತ್ಸೆ ಮುಗಿಯುತ್ತಿತ್ತು.

ಕಂಕನಾಡಿಯ ಆಲದ ಮರ

1878ರ ಡಿಸೆಂಬರ್ ಕೊನೆಯಲ್ಲಿ ಮಂಗಳೂರಿಗೆ ಬಂದಿಳಿದ ಯೇಸುಸಭೆಯ ಗುರುಗಳ ಮೊದಲ ತಂಡದಲ್ಲಿ ಜರ್ಮನಿಯವರಾದ ವಂದನೀಯ ಫಾದರ್ ಆಗಸ್ಟಸ್ ಮುಲ್ಲರ್ ಅವರಿದ್ದರು. ಸಂತ ಅಲೋಶಿಯಸ್ ಕಾಲೇಜಿನಲ್ಲಿ ಅಧ್ಯಾಪನ ಅವರಿಗೆ ಒಪ್ಪಿಸಿದ ಕೆಲಸ. ಆದರೆ 1880ರಲ್ಲಿ ಅವರು ಹೋಮಿಯೋಪತಿ ಔಷಧಿಗಳನ್ನು ಬಡವರಿಗೆ ಹಂಚತೊಡಗಿದರು. ಕಂಕನಾಡಿಯ ಆಲದ ಮರದ ನೆರಳಿನಲ್ಲಿ ರೋಗಿಗಳನ್ನು ನೋಡುತ್ತಿದ್ದರೆಂಬುದು ಕರಾವಳಿಯ ಕಥೋಲಿಕರೆಲ್ಲರೂ ಬಲ್ಲ ಸಂಗತಿ. ಬಡವರ ಔಷಧಾಲಯವಾಗಿ ಆರಂಭವಾದ ಆ ಸೇವೆಗೆ 1890ರಲ್ಲಿ ಕುಷ್ಠರೋಗಿಗಳ ಆಶ್ರಯಧಾಮವೂ, ಪ್ಲೇಗು ಮಾರಿ ಹಬ್ಬಿದಾಗ 1902ರಲ್ಲಿ ಪ್ಲೇಗಿನ ಆಸ್ಪತ್ರೆಯೂ ಸೇರಿಕೊಂಡವು. 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನವೇ, ಅವರು ದೈವಾಧೀನರಾದರು.

ಫಾದರ್ ಮುಲ್ಲರರ ಔಷಧಿಗಳು ಕಂಕನಾಡಿಯಲ್ಲಿಯೇ ಉಳಿಯಲಿಲ್ಲ. ಅಂಚೆಯ ಮೂಲಕ ದೂರದೂರದ ಊರುಗಳಿಗೂ ಹೋದವು. ರೋಗಿಯು ಔಷಧಿಯಿದ್ದಲ್ಲಿಗೆ ಬರಲಾರದಿದ್ದರೆ ಔಷಧಿಯು ರೋಗಿಯಿದ್ದಲ್ಲಿಗೆ ಹೋಗಬೇಕು ಎಂಬ ಈ ಸರಳ ತಿಳಿವಳಿಕೆಯು ಒಳನಾಡಿನ ಬಡ ವೃದ್ಧರ ಮಟ್ಟಿಗೆ ಬಹು ದೊಡ್ಡದು. ಆದರೂ ಒಂದು ಮಾತನ್ನು ಇಲ್ಲಿ ಹೇಳಬೇಕು. ಆ ಕಾಲದ ದಯಾಕಾರ್ಯವು ಕೊಲ್ಲುವ ಇಲ್ಲವೇ ಸಮಾಜದಿಂದ ಹೊರಹಾಕುವ ರೋಗಗಳನ್ನು ಎದುರಿಸಲು ಹೊರಟಿತ್ತು, ಹೊರಡಲೇಬೇಕಾಗಿತ್ತು. ಕೊಲ್ಲದೆ ದಿನದಿನವೂ ಸವೆಸುವ ಮುಪ್ಪಿನ ಬೇನೆಗಳ ಸರದಿ ಇನ್ನೂ ಬಂದಿರಲಿಲ್ಲ.

ಮನೆಗೇ ಹೋಗುವ ಸೇವೆ

ಆ ಬೇನೆಗಳನ್ನು ಮೊದಲು ಕಂಡವರು ವೈದ್ಯರಲ್ಲ, ಬಡವರ ಮನೆಯ ಹೊಸ್ತಿಲು ತುಳಿದವರು. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಒಜಾನಮ್ ಎಂಬ ಇಪ್ಪತ್ತು ವಯಸ್ಸಿನ ವಿದ್ಯಾರ್ಥಿ ತನ್ನ ಕೆಲವು ಗೆಳೆಯರೊಂದಿಗೆ ಆರಂಭಿಸಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯು ಮಂಗಳೂರು ಧರ್ಮಪ್ರಾಂತದ ಧರ್ಮಕೇಂದ್ರಗಳಲ್ಲಿಯೂ ಬೇರುಬಿಟ್ಟಿತು. ಸದಸ್ಯರು ಇಬ್ಬಿಬ್ಬರಾಗಿ ಬಡವರ ಮನೆಗೆ ಹೋಗುವುದು, ಸಭೆ ಸೇರಿದಾಗ ಯಾರೆಷ್ಟು ಹಾಕಿದರೆಂದು ತಿಳಿಯದಂತೆ ಚೀಲವೊಂದನ್ನು ದಾಟಿಸಿ ಹಣ ಕೂಡಿಸುವುದು, ಭೇಟಿಯ ವಿಷಯವನ್ನು ಹೊರಗೆ ಆಡದಿರುವುದು, ಇದು ಆ ಸಭೆಯ ನಡಾವಳಿ. ಒಜಾನಮ್ ಅವರನ್ನು 1997ರಲ್ಲಿ ಧನ್ಯರೆಂದು ಸಾರಲಾಯಿತು.

ಆ ಸಭೆ ಹುಟ್ಟಿ ಆರು ವರ್ಷಗಳಾದ ಮೇಲೆ, 1839ರ ಚಳಿಗಾಲದಲ್ಲಿ, ಅದೇ ಫ್ರಾನ್ಸಿನ ಬ್ರಿಟನಿ ಪ್ರಾಂತದಲ್ಲಿ ಜೀನ್ ಜುಗಾನ್ ಎಂಬ ಬಡ ಸ್ತ್ರೀಯು ಕುರುಡಿಯೂ ಅಂಗವಿಕಲೆಯೂ ಆದ ಮುದುಕಿಯೊಬ್ಬಳನ್ನು ಮನೆಗೆ ತಂದು, ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ಬಡವರ ಚಿಕ್ಕ ಭಗಿನಿಯರ ಸಂಸ್ಥೆಯು ಹೀಗೆ ಹುಟ್ಟಿತು. ಅದರ ವೃದ್ಧಾಶ್ರಮವು 1900ರಲ್ಲಿ ಬೆಂಗಳೂರಿನಲ್ಲಿಯೂ ತೆರೆಯಿತು. 2009ರಲ್ಲಿ ಜೀನ್ ಜುಗಾನ್ ಸಂತಪದವಿಗೇರಿದರು. ಮಂಗಳೂರಿನ ಜೆಪ್ಪುವಿನಲ್ಲಿ ದಯಾ ಭಗಿನಿಯರು ಅನಾಥರೊಂದಿಗೆ ದಿಕ್ಕಿಲ್ಲದ ವೃದ್ಧರನ್ನೂ ಸಾಕಿದರು. ಆದರೆ ಆಶ್ರಮವನ್ನು ಸೇರುವವರು ಕೆಲವರೇ. ಮಗ್ಗುಲ ಕೋಣೆಯಲ್ಲಿಯೋ ಜಗಲಿಯ ಮೂಲೆಯಲ್ಲಿಯೋ ದಿನ ಕಳೆಯುವ ವೃದ್ಧರೇ ಹೆಚ್ಚು. ಅವರ ಪಾಲಿಗೆ ವಿನ್ಸೆಂಟ್ ಸಭೆಯ ಇಬ್ಬರು ಸದಸ್ಯರ ಭೇಟಿಯೇ ಹೊರಜಗತ್ತಿನ ಸಂಪರ್ಕ. ಅಕ್ಕಿ, ಕಂಬಳಿ, ಔಷಧಿಯ ಚೀಟಿಗೆ ಹಣ, ಪರಮಪ್ರಸಾದವನ್ನು ತರುವಂತೆ ಗುರುಗಳಿಗೆ ಸುದ್ದಿ ಇವೆಲ್ಲವೂ ಆ ಭೇಟಿಯಿಂದಲೇ ಹೊರಡುತ್ತಿದ್ದವು.

ಆಸ್ಪತ್ರೆ, ಕಾಲೇಜುಗಳ ಕಾಲ

ಸ್ವಾತಂತ್ರ್ಯಾನಂತರ ಚಿತ್ರ ಬದಲಾಯಿತು. ಪುತ್ತೂರಿನಲ್ಲಿ ಮೊನ್ಸಿಂಞೊರ್ ಆಂಟನಿ ಪತ್ರಾವೊ ಅವರು ವಿದ್ಯಾಪ್ರಸಾರಕ್ಕಾಗಿ ದುಡಿದು, 1958ರಲ್ಲಿ ಸಂತ ಫಿಲೋಮಿನಾ ಕಾಲೇಜನ್ನು ಸ್ಥಾಪಿಸಿದರು. ಆ ಕಾಲೇಜಿನಿಂದ ಈ ಒಳನಾಡಿಗೆ ಆದ ಉಪಕಾರ ಸರ್ವವಿದಿತ. ಪುತ್ತೂರಿನ ಆಸ್ಪತ್ರೆಯೊಂದು ಇಂದಿಗೂ ಫಾದರ್ ಪತ್ರಾವೊ ಅವರ ಹೆಸರನ್ನು ಹೊತ್ತು ನಿಂತಿದೆ. ವಿದ್ಯೆ, ವೈದ್ಯ ಎರಡನ್ನೂ ಒಟ್ಟಿಗೆ ನೆನೆಸುವಂತೆ ಮಾಡುವ ಹೆಸರು ಅದು.

ಸುಳ್ಯದ ಚರಿತ್ರೆಯಲ್ಲಿ ಅಂಥದೇ ಸ್ಥಾನ ಡಾ. ಕುರುಂಜಿ ವೆಂಕಟ್ರಮಣ ಗೌಡರದು (1928–2013). 1976ರಲ್ಲಿ ನೆಹರೂ ಸ್ಮಾರಕ ಕಾಲೇಜಿನಿಂದ ಆರಂಭವಾದ ಅವರ ವಿದ್ಯಾಸಂಸ್ಥೆಗಳ ಸಾಲಿನಲ್ಲಿ 1991ರಲ್ಲಿ ದಂತ ವೈದ್ಯಕೀಯ ಕಾಲೇಜು ಬಂದಿತು. ಮುಂದೆ ಆಯುರ್ವೇದ ಮತ್ತು ವೈದ್ಯಕೀಯ ಕಾಲೇಜುಗಳೂ ಬಂದವು. ಇದರ ಮಹತ್ವವನ್ನು ತಿಳಿಯಲು ಸ್ವಲ್ಪ ಹಿಂದೆ ನೋಡಬೇಕು. ಭಾರತದ ಮೊದಲ ದಂತ ವೈದ್ಯಕೀಯ ಕಾಲೇಜು 1920ರಲ್ಲಿ ಕಲ್ಕತ್ತೆಯಲ್ಲಿ ಡಾ. ರಫಿಯುದ್ದೀನ್ ಅಹ್ಮದರಿಂದ ಸ್ಥಾಪಿತವಾಯಿತು. ನಮ್ಮ ಕರಾವಳಿಯಲ್ಲಿ ಮಣಿಪಾಲದ ದಂತ ಕಾಲೇಜು ಬಂದದ್ದು 1965ರಲ್ಲಿ. ಅನಂತರ ಕಾಲು ಶತಮಾನದಲ್ಲಿ ಘಟ್ಟದ ಬುಡದ ಸುಳ್ಯದಂಥ ಪೇಟೆಯಲ್ಲಿ ದಂತ ಕಾಲೇಜೊಂದು ತಲೆಯೆತ್ತಿತೆಂದರೆ, ಅದು ಸಾಮಾನ್ಯ ಸಂಗತಿಯಲ್ಲ. ದಂತ ಕಾಲೇಜಿಗೆ ವಿದ್ಯಾರ್ಥಿಗಳ ಕಲಿಕೆಗಾಗಿ ರೋಗಿಗಳು ಬೇಕು. ಬಡ ರೋಗಿಗೆ ಕಡಿಮೆ ವೆಚ್ಚದ ಚಿಕಿತ್ಸೆ ಬೇಕು. ಹಿರಿಯ ವೈದ್ಯರ ಕಣ್ಗಾವಲಿನಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ನೀಡುವ ಈ ವ್ಯವಸ್ಥೆಯಲ್ಲಿ ಎರಡೂ ಅಗತ್ಯಗಳು ಒಂದೆಡೆ ಕೂಡುತ್ತವೆ.

ಹಲ್ಲಿನ ವಿಷಯ

ಇಷ್ಟೆಲ್ಲ ಗಂಭೀರ ರೋಗಗಳಿರುವಾಗ ಹಲ್ಲಿನ ವಿಷಯಕ್ಕೆ ಇಷ್ಟು ಪ್ರಾಶಸ್ತ್ಯವೇಕೆ ಎಂದು ಕೆಲವರು ಕೇಳಬಹುದು. “ವಯಸ್ಸಾಯಿತು, ಹಲ್ಲು ಹೋಗದೆ ಉಳಿಯುತ್ತದೆಯೇ?” ಎಂಬುದು ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು. ಹಲ್ಲು ಬೀಳುವುದು ಮುಪ್ಪಿನ ನಿಯಮವಲ್ಲ. ಹುಳುಕು ಹಾಗೂ ಒಸಡಿನ ರೋಗಗಳ ಫಲ. ಹಲ್ಲಿಲ್ಲದ ಹಿರಿಯರು ಮೊದಲು ತೆಂಗಿನಕಾಯಿಯ ಚೂರನ್ನು ಬಿಡುತ್ತಾರೆ, ಆಮೇಲೆ ಮಾಂಸವನ್ನು, ಆಮೇಲೆ ಹಸಿ ತರಕಾರಿ, ಹಣ್ಣುಗಳನ್ನು. ಕೊನೆಗೆ ಉಳಿಯುವುದು ಕುಚ್ಚಲಕ್ಕಿಯ ಗಂಜಿ, ಅದೂ ಅರೆದು. ದೇಹ ಸೊರಗುತ್ತದೆ. ಮಾತು ತೊದಲುತ್ತದೆ, ಮದುವೆ, ಹಬ್ಬದ ಊಟಕ್ಕೆ ಕರೆದರೆ ಏನಾದರೂ ನೆವ ಹೇಳಿ ಮನೆಯಲ್ಲೇ ಉಳಿಯುತ್ತಾರೆ. ಮಧುಮೇಹವಿದ್ದವರಲ್ಲಿ ಒಸಡಿನ ರೋಗ ಹೆಚ್ಚು. ಒಸಡಿನ ರೋಗವಿದ್ದರೆ ಮಧುಮೇಹವನ್ನು ಹತೋಟಿಯಲ್ಲಿಡುವುದು ಕಷ್ಟ.

ನಮ್ಮ ಸೀಮೆಗೆ ವಿಶೇಷವಾದ ಕಾರಣವೂ ಒಂದುಂಟು. ದುಡಿಮೆಯ ನಡುವೆ ಹಸಿವನ್ನೂ ಆಯಾಸವನ್ನೂ ಮರೆಸುತ್ತಿದ್ದದ್ದು ಕವಳ. ವೀಳ್ಯದೆಲೆ, ಅಡಿಕೆ, ಸುಣ್ಣದೊಂದಿಗೆ ಹೊಗೆಸೊಪ್ಪನ್ನೂ ಜಗಿಯುತ್ತ ನಾಲ್ಕೈದು ದಶಕಗಳನ್ನು ಕಳೆದ ಹಿರಿಯರು ಎಲ್ಲ ಜಾತಿಮತಗಳಲ್ಲಿಯೂ ಇದ್ದಾರೆ. ಹೊಗೆಸೊಪ್ಪು ಬೆರೆತ ಕವಳವನ್ನಷ್ಟೇ ಅಲ್ಲದೆ ಅಡಿಕೆಯನ್ನೂ ಕ್ಯಾನ್ಸರಿಗೆ ಕಾರಣವಾಗುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಗುರುತಿಸಿದೆ. ಬೆಳೆಗಾರರಲ್ಲಿ ಈ ಬಗೆಗೆ ಭಿನ್ನಾಭಿಪ್ರಾಯವಿದೆ. 1973ರಲ್ಲಿ ಕ್ಯಾಂಪ್ಕೊ ಸಹಕಾರ ಸಂಸ್ಥೆ ಹುಟ್ಟಿದ್ದೇ ಅಡಿಕೆ ಬೆಳೆಗಾರರ ರಕ್ಷಣೆಗಾಗಿ. ಸೀಮೆಯ ಅನ್ನವೇ ಆ ಬೆಳೆಯಲ್ಲಿದೆ. ವಾದ ಏನೇ ಇರಲಿ, ಬಾಯಿಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರಗಳಾದರೂ ಮಾಯದ ಹುಣ್ಣು, ಬಾಯಿ ತೆರೆಯಲು ತೊಂದರೆ ಇವು ಕಂಡ ಕೂಡಲೇ ವೈದ್ಯರಿಗೆ ತೋರಿಸಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದುದರಿಂದ ದಂತ ಶಿಬಿರವೆಂದರೆ ಹಲ್ಲು ಕೀಳುವ ಶಿಬಿರವಷ್ಟೇ ಅಲ್ಲ. ಸಕಾಲದಲ್ಲಿ ಜೀವ ಉಳಿಸುವ ತಪಾಸಣೆಯೂ ಹೌದು.

ಧರ್ಮಸಭೆಯು ಹಲ್ಲುನೋವಿನಿಂದ ನರಳುವವರ ಪಾಲಕಳೆಂದು ಗೌರವಿಸುವ ಸಂತ ಅಪೊಲೋನಿಯಾ ಸಹ ಹರೆಯದ ಕನ್ಯೆಯಲ್ಲ, ವೃದ್ಧೆ. 249ರ ಸುಮಾರಿಗೆ ಅಲೆಕ್ಸಾಂಡ್ರಿಯ ನಗರದಲ್ಲಿ ಕ್ರೈಸ್ತರ ಮೇಲೆ ಜನ ದಂಗೆಯೆದ್ದಾಗ, ಆ ಮುದುಕಿಯ ದವಡೆಗೆ ಹೊಡೆದು ಹಲ್ಲುಗಳನ್ನು ಉದುರಿಸಿದರೆಂದು ಅಲ್ಲಿಯ ಬಿಷಪ್ ದಿಯೊನಿಸಿಯುಸರ ಪತ್ರದಿಂದ ತಿಳಿಯುತ್ತದೆ. ಫೆಬ್ರವರಿ 9ರಂದು ಅವಳ ಸ್ಮರಣೆ. ಚಿತ್ರಕಾರರು ಮುಂದೆ ಅವಳನ್ನು ಎಳೆಯ ತರುಣಿಯಾಗಿ ಚಿತ್ರಿಸಿದರು. ಹಲ್ಲಿಲ್ಲದ ವೃದ್ಧೆಯ ಮುಖ ಮರೆತುಹೋಯಿತು.

ಉಚಿತ ಚಿಕಿತ್ಸೆ ಮತ್ತು ಅದರ ವೆಚ್ಚ

ಇತ್ತೀಚಿನ ದಶಕಗಳಲ್ಲಿ ಸರಕಾರವೂ ಹಿರಿಯರ ಕಡೆ ಗಮನ ಹರಿಸಿದೆ. ಹಿರಿಯರ ಆರೋಗ್ಯಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವು 2010ರಲ್ಲಿ ಆರಂಭವಾಯಿತು. 2018ರ ಆಯುಷ್ಮಾನ್ ಭಾರತ ಯೋಜನೆಯನ್ನು 70 ವರ್ಷ ದಾಟಿದ ಎಲ್ಲರಿಗೂ, ಆದಾಯದ ಭೇದವಿಲ್ಲದೆ, ವಿಸ್ತರಿಸುವ ಕ್ರಮವನ್ನು ಕೇಂದ್ರ ಸರಕಾರವು 2024ರ ಅಕ್ಟೋಬರಿನಲ್ಲಿ ಕೈಗೊಂಡಿತು. ಆದರೆ ಆ ಯೋಜನೆ ಮುಖ್ಯವಾಗಿ ಆಸ್ಪತ್ರೆಯಲ್ಲಿ ದಾಖಲಾಗುವವರಿಗೆ. ಹಲ್ಲಿನ ಸೆಟ್ಟಿಗಾಗಿ ಯಾರೂ ಆಸ್ಪತ್ರೆಯಲ್ಲಿ ಮಲಗುವುದಿಲ್ಲ. ಈ ಕೊರತೆಯನ್ನು ನೀಗಲು ಕರ್ನಾಟಕ ಸರಕಾರವು 2014–15ರ ಸುಮಾರಿಗೆ ‘ದಂತಭಾಗ್ಯ’ ಎಂಬ ಯೋಜನೆಯನ್ನು ತಂದಿತು. ಬಡತನದ ರೇಖೆಗಿಂತ ಕೆಳಗಿನ, 60 ದಾಟಿದ ಹಿರಿಯರಿಗೆ ರಾಜ್ಯದ ದಂತ ಕಾಲೇಜುಗಳ ಮೂಲಕ ಕೃತಕ ದಂತಪಂಕ್ತಿಗಳನ್ನು ಉಚಿತವಾಗಿ ಕೊಡಿಸುವುದು ಅದರ ಗುರಿಯಾಗಿತ್ತು. ಹಲ್ಲಿಲ್ಲದಿರುವುದೂ ಒಂದು ಬಡತನವೆಂದು ರಾಜ್ಯವೊಂದು ಒಪ್ಪಿಕೊಂಡದ್ದು ಶ್ಲಾಘನೀಯ.

ಆದರೂ ‘ಉಚಿತ’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಪೂರ್ಣ ದಂತಪಂಕ್ತಿಯು ಒಂದೇ ದಿನದಲ್ಲಿ ಆಗುವ ಕೆಲಸವಲ್ಲ. ಬಾಯಿಯಲ್ಲಿ ಉಳಿದ ಬೇರುಗಳಿದ್ದರೆ ಮೊದಲು ಅವನ್ನು ಕಿತ್ತು, ಒಸಡು ಮಾಯುವವರೆಗೆ ಕೆಲವು ವಾರ ಕಾಯಬೇಕು. ಅನಂತರ ದವಡೆಯ ಮೊದಲ ಅಚ್ಚು, ಎರಡನೆಯ ಸೂಕ್ಷ್ಮವಾದ ಅಚ್ಚು, ಮೇಣದ ಪಟ್ಟಿಯಿಂದ ಎರಡು ದವಡೆಗಳ ನಡುವಣ ಅಂತರದ ನಿರ್ಣಯ, ಮೇಣದಲ್ಲಿ ಕೂರಿಸಿದ ಹಲ್ಲುಗಳನ್ನು ಬಾಯಿಗಿಟ್ಟು ನೋಡುವುದು, ಕೊನೆಗೆ ಸಿದ್ಧವಾದ ಸೆಟ್ಟನ್ನು ಕೊಡುವುದು, ಹೀಗೆ ಐದು ಸಲವಾದರೂ ಹೋಗಬೇಕು. ಸೆಟ್ಟು ಬಂದ ಮೇಲೆ ಒಸಡು ಉಜ್ಜಿ ಹುಣ್ಣಾದರೆ, ಆ ಜಾಗವನ್ನು ಸರಿಪಡಿಸಿಕೊಳ್ಳಲು ಮತ್ತೆ ಒಂದೆರಡು ಸಲ.

ಈಗ ಕೊಲ್ಲಮೊಗ್ರಿನಿಂದಲೋ ಶಿರಾಡಿಯಿಂದಲೋ ಹೊರಡುವ 75 ವಯಸ್ಸಿನ ಅಜ್ಜಿಯೊಬ್ಬರನ್ನು ಊಹಿಸಿರಿ. ಆರೇಳು ಸಲ ಬಸ್ಸು ಬದಲಿಸಿ ಹೋಗಬೇಕು; ಜತೆಗೆ ಒಬ್ಬರು ಬೇಕು; ಜತೆಗೆ ಹೋದವರ ಅಂದಿನ ಕೂಲಿ ಹೋಗುತ್ತದೆ; ಮಧ್ಯಾಹ್ನದ ಊಟವಾಗಬೇಕು. ಚೀಟಿಯಲ್ಲಿ ಬರೆದದ್ದನ್ನು ಓದಿ ಹೇಳುವವರು ಬೇಕು. ಮಕ್ಕಳು ಗಲ್ಫ್ ದೇಶಗಳಲ್ಲಿಯೋ ಬೆಂಗಳೂರಿನಲ್ಲಿಯೋ ಇದ್ದರೆ ಇವೆಲ್ಲವನ್ನೂ ಮಾಡುವವರು ಯಾರು? ಎರಡನೆಯ ಭೇಟಿಗೋ ಮೂರನೆಯ ಭೇಟಿಗೋ ಹೋಗಲಾರದೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಸೆಟ್ಟು ಕೈಗೆ ಬಂದರೂ, ನೋವೆಂದು ತೆಗೆದಿಟ್ಟದ್ದು ಪೆಟ್ಟಿಗೆಯಲ್ಲಿಯೇ ಉಳಿಯುತ್ತದೆ. ವೈದ್ಯರು ತಮ್ಮ ಪಾಲನ್ನು ಮಾಡಿದ್ದಾರೆ. ಸರಕಾರವು ತನ್ನ ಪಾಲನ್ನು ಕೊಟ್ಟಿದೆ. ಮನೆಯಿಂದ ಕಾಲೇಜಿನವರೆಗಿನ ದಾರಿ ಮಾತ್ರ ಯಾರ ಪಾಲಿಗೂ ಸೇರದೆ ಉಳಿದಿದೆ. ಹಿಂದೆ ಕಾಲುಸಂಕದ ರೂಪದಲ್ಲಿದ್ದ ತೊಡಕು ಇಂದು ಬೇರೊಂದು ರೂಪ ತಾಳಿದೆ, ಅಷ್ಟೇ.

ಧರ್ಮಕೇಂದ್ರದ ಪಾಲು

ಈ ದಾರಿಯೇ ಧರ್ಮಕೇಂದ್ರದ ಪಾಲು ಎಂಬುದು ನಮ್ಮ ಚರಿತ್ರೆಯಿಂದ ಹೊರಡುವ ಪಾಠ. ಪ್ರತಿಯೊಂದು ಧರ್ಮಕೇಂದ್ರವೂ ಆಸ್ಪತ್ರೆ ಕಟ್ಟಬೇಕಾಗಿಲ್ಲ, ಕಟ್ಟಲಾರದು ಕೂಡ. ಆದರೆ ಯಾವ ಮನೆಯಲ್ಲಿ ಯಾವ ಹಿರಿಯರು ಗಂಜಿಯನ್ನು ಅರೆದು ಕುಡಿಯುತ್ತಿದ್ದಾರೆ, ಯಾರ ಕಣ್ಣಿಗೆ ಪೊರೆ ಬಂದಿದೆ, ಯಾರು ರಕ್ತದೊತ್ತಡದ ಮಾತ್ರೆಯನ್ನು ಹಣವಿಲ್ಲದೆ ಎರಡು ದಿನಕ್ಕೊಮ್ಮೆ ನುಂಗುತ್ತಿದ್ದಾರೆ ಎಂಬುದನ್ನು ವಾಳೆಯ ಗುರಿಕಾರರಿಗಿಂತ, ವಿನ್ಸೆಂಟ್ ಸಭೆಯ ಸದಸ್ಯರಿಗಿಂತ, ಸ್ತ್ರೀ ಸಂಘಟನೆಯ ಭಗಿನಿಯರಿಗಿಂತ ಚೆನ್ನಾಗಿ ಬಲ್ಲವರು ಬೇರೆ ಯಾರಿದ್ದಾರೆ? ವಾಳೆಯೊಂದರ ಐದಾರು ಹಿರಿಯರನ್ನು ಒಂದೇ ವಾಹನದಲ್ಲಿ, ಒಂದೇ ದಿನ, ಮೊದಲೇ ಗೊತ್ತುಪಡಿಸಿಕೊಂಡು ಕರೆದೊಯ್ದರೆ ಐದು ಭೇಟಿಗಳೂ ತಪ್ಪದೆ ನೆರವೇರುತ್ತವೆ. ಸೆಟ್ಟು ಬಂದ ಮೇಲೆ ವಾರಕ್ಕೊಮ್ಮೆ ಮನೆಗೆ ಹೋಗಿ, ಹಾಕಿಕೊಳ್ಳುತ್ತಿದ್ದಾರೆಯೇ, ರಾತ್ರಿ ತೆಗೆದು ತೊಳೆದು ನೀರಿನಲ್ಲಿಡುತ್ತಿದ್ದಾರೆಯೇ ಎಂದು ವಿಚಾರಿಸಲು ಕಾಲೇಜಿನ ಪದವಿ ಬೇಕಿಲ್ಲ. ಇದರಲ್ಲಿ ಮತಭೇದಕ್ಕೂ ಅವಕಾಶವಿರಬಾರದು. ಫಾದರ್ ಮುಲ್ಲರರು ಆಲದ ಮರದ ಕೆಳಗೆ ಯಾರ ಮತವನ್ನೂ ಕೇಳಿ ಔಷಧಿ ಕೊಟ್ಟವರಲ್ಲ.

ಒಳ್ಳೆಯ ಸಮಾರಿಯನ ಸಾಮತಿಯನ್ನು ನಾವು ಬಾಲ್ಯದಿಂದಲೂ ಕೇಳಿದ್ದೇವೆ. ಗಾಯಕ್ಕೆ ಎಣ್ಣೆ ದ್ರಾಕ್ಷಾರಸಗಳನ್ನು ಸುರಿದದ್ದನ್ನು ಎಲ್ಲರೂ ನೆನಪಿಡುತ್ತೇವೆ. ಆದರೆ ಅವನು ಗಾಯಾಳುವನ್ನು ತನ್ನ ಸವಾರಿಯ ಮೇಲೆ ಕುಳ್ಳಿರಿಸಿ ಕರೆದೊಯ್ದನು, ಛತ್ರದವನಿಗೆ ಹಣ ಕೊಟ್ಟನು, ಮತ್ತೆ ಬಂದು ವಿಚಾರಿಸುವೆನೆಂದು ಮಾತುಕೊಟ್ಟನು. ಚಿಕಿತ್ಸೆ ಆ ಕಥೆಯ ಒಂದು ಭಾಗ. ಕರೆದೊಯ್ಯುವುದೂ ಮತ್ತೆ ಬರುವುದೂ ಉಳಿದ ಭಾಗ.

ವಿಶ್ವಗುರು ಎರಡನೆಯ ಜಾನ್ ಪಾವ್ಲರು 1999ರಲ್ಲಿ ತಾವೂ ವೃದ್ಧರಾಗಿದ್ದಾಗ ಹಿರಿಯರಿಗೆಂದೇ ಒಂದು ಪತ್ರವನ್ನು ಬರೆದರು. ವಿಶ್ವಗುರು ಫ್ರಾನ್ಸಿಸರು 2021ರಲ್ಲಿ ಅಜ್ಜ ಅಜ್ಜಿಯರ ಹಾಗೂ ಹಿರಿಯರ ವಿಶ್ವದಿನವನ್ನು ಜುಲೈ ತಿಂಗಳ ನಾಲ್ಕನೆಯ ಭಾನುವಾರಕ್ಕೆ ನಿಗದಿಪಡಿಸಿದರು. ನಮ್ಮ ಸೀಮೆಯಲ್ಲಿ ಅದು ಆಟಿ ತಿಂಗಳ ಜಡಿಮಳೆಯ ಕಾಲ. ಹಿರಿಯರು ಮನೆಯಿಂದ ಹೊರಬರಲಾರದ ಕಾಲ. ಅಂದು ದೇವಾಲಯದಲ್ಲಿ ಅವರಿಗೆ ಹೂ ಕೊಟ್ಟು ಗೌರವಿಸುವುದು ಚೆಲುವಾದ ಪದ್ಧತಿ. ಬರಲಾರದವರ ಮನೆಗೆ ಇಬ್ಬಿಬ್ಬರಾಗಿ ಹೋಗಿ, “ಊಟ ಸೇರುತ್ತದೆಯೇ? ಅಗಿಯಲು ಆಗುತ್ತದೆಯೇ?” ಎಂದು ಕೇಳಿ, ಆಗುವುದಿಲ್ಲವೆಂದವರ ಹೆಸರನ್ನು ಬರೆದುಕೊಂಡು ಬಂದರೆ ಶತಮಾನೋತ್ಸವದ ಮುಂದಿನ ಕೆಲಸವು ಆ ಪಟ್ಟಿಯಿಂದಲೇ ಆರಂಭವಾಗಬಹುದು.